ಪರದೆಯ ಹಗ್ಗ ಹಿಡಿದವರು: ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ರಂಗಸಜ್ಜಿಕೆ

ಹಾವೇರಿ ಸೀಮೆಯ ಹಳ್ಳಿ ನಾಟಕದ ಒಂದು ಹ್ಯಾಂಡ್‌ಬಿಲ್ಲನ್ನು ಮೇಲಿಂದ ಕೆಳಗೆ ಓದಿಕೊಂಡು ಬನ್ನಿ. ನೆತ್ತಿಯ ಮೇಲೆ ಊರದೇವರ ಪ್ರಸನ್ನ. ಅದರ ಕೆಳಗೆ ಸಾನ್ನಿಧ್ಯ ವಹಿಸುವ ಶ್ರೀಗಳು, ಅಧ್ಯಕ್ಷರು, ಜ್ಯೋತಿ ಬೆಳಗುವವರು, ರಂಗಪರದೆ ಉದ್ಘಾಟಿಸುವವರು. ಮುಖ್ಯ ಅತಿಥಿಗಳ ಪಟ್ಟಿ ಪಾತ್ರವರ್ಗಕ್ಕಿಂತ ಉದ್ದ. ಆಮೇಲೆ ಪಾತ್ರಗಳು, ಸ್ತ್ರೀಪಾತ್ರಕ್ಕೆ ಬರುವ ಕಲಾವಿದೆಯರು ಮತ್ತು ಅವರ ಊರು, ನಾಟಕ ಕಲಿಸಿದ ಮಾಸ್ತರರು, ತಬಲಾ, ಕ್ಯಾಸಿಯೊ. ಕಟ್ಟಕಡೆಗೆ, ಮುದ್ರಣಾಲಯದ ಹೆಸರಿಗಿಂತ ಒಂದು ಗೆರೆ ಮೇಲೆ, ‘ಭವ್ಯ ರಂಗಸಜ್ಜಿಕೆ’ ಎಂದು ಒಂದು ಡ್ರಾಮಾ ಸೀನ್ಸ್ ಅಂಗಡಿಯ ಹೆಸರು, ‘ಧ್ವನಿ ಮತ್ತು ಬೆಳಕು’ ಎಂದು ಇನ್ನೊಂದರ ಹೆಸರು. ಒಂದೇ ಸಲ ಪರದೆ ಮುಟ್ಟಿ, ಶಾಲು ಹೊದೆಸಿಕೊಂಡು ಹೋಗುವ ಗಣ್ಯರಿಗೆ ಹೆಸರಿದೆ. ಬೆಳತನಕ ಅದನ್ನು ಎಳೆಯುವವನಿಗೆ ಇಲ್ಲ.

ನಟರ ಬಗ್ಗೆ, ನಾಟಕಕಾರರ ಬಗ್ಗೆ ಬರೆಯುವವರಿಗೆ ನಮ್ಮಲ್ಲಿ ಎಂದೂ ಕೊರತೆ ಬಿದ್ದಿಲ್ಲ. ಈ ಪುಟಗಳು ಹ್ಯಾಂಡ್‌ಬಿಲ್ಲಿನ ಆ ಕೊನೆಯ ಗೆರೆಯವರಿಗೆ. ಅವರ ಪಾಲಿಗೆ ಒಂದು ದಾಕ್ಷಿಣ್ಯದ ಲೇಖನವಿರಲಿ ಎಂದು ಬರೆಯುತ್ತಿಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ರಂಗಭೂಮಿಯಲ್ಲಿ ಸಂಸ್ಥೆ ಎಂದು ಕರೆಯಬಹುದಾದದ್ದು ಯಾವುದಾದರೂ ಇದ್ದರೆ ಅದು ಇವರೇ ಎಂಬುದು ನನ್ನ ತಿಳಿವಳಿಕೆ. ಹಳ್ಳಿಯ ನಾಟ್ಯಸಂಘ ಆ ವರ್ಷದ ಜಾತ್ರೆಗೆ ಹುಟ್ಟಿ, ಲೆಕ್ಕಪತ್ರದ ಜಗಳದಲ್ಲಿ ಮುಗಿಯುತ್ತದೆ. ಕಂಪನಿಗಳು ಬಂದವು, ತಿಂಗಳುಗಟ್ಟಲೆ ಮುಕ್ಕಾಂ ಮಾಡಿದವು, ಹೋದವು. ನಟಿಯರು ಒಂದು ರಾತ್ರಿಯವರು. ವರ್ಷವರ್ಷವೂ ಅದೇ ಪೆಟ್ಟಿಗೆ, ಅದೇ ಗಳ, ಅದೇ ಹಗ್ಗ ಹೊತ್ತು ಅದೇ ಊರಿಗೆ ಬರುವವರು ಸೀನ್ಸಿನವರು ಮಾತ್ರ. ಹಿಂದಿನ ವರ್ಷ ಎಲ್ಲಿ ಕುಣಿ ತೋಡಿದ್ದರು ಎಂಬುದು ಊರವರಿಗೆ ಮರೆತಿರುತ್ತದೆ, ಇವರಿಗೆ ಮರೆತಿರುವುದಿಲ್ಲ.

ಪರದೆಯ ನಾಟಕ ಈ ನಾಡಿಗೆ ಬಂದ ಕಥೆಯಲ್ಲಿ ಹಾವೇರಿ ಜಿಲ್ಲೆಯ ಪಾಲು ಚಿಕ್ಕದಲ್ಲ. ಕನ್ನಡ ವೃತ್ತಿ ರಂಗಭೂಮಿಯ ಮೊದಲಿಗರೆನಿಸಿದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, 1856ರಲ್ಲಿ ಹುಟ್ಟಿದ್ದು ಹಿರೇಕೆರೂರು ಕಡೆಯ ಸಾತೇನಹಳ್ಳಿಯಲ್ಲಿ. 1870ರ ದಶಕದಲ್ಲಿ ಅವರು ಗದಗಿನಲ್ಲಿ ವೀರನಾರಾಯಣನ ಹೆಸರಿನಲ್ಲಿ ನಾಟಕ ಮಂಡಳಿ ಕಟ್ಟಿದಾಗ ಎದುರಿಗಿದ್ದದ್ದು ಮರಾಠಿ ನಾಟಕದ ಅಬ್ಬರ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಆಡಿಸಿದ ಸೀತಾಸ್ವಯಂವರದಿಂದ ಶುರುವಾಗಿದ್ದ ಅಲೆ ಅದು. 1880ರಲ್ಲಿ ಪುಣೆಯಲ್ಲಿ ಶಾಕುಂತಲ ಆಡಿಸಿ ಸಂಗೀತ ನಾಟಕಕ್ಕೆ ದಾರಿ ಹಾಕಿಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರೂ ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರೇ. ಭಾಷೆಯ ಜಗಳ ಏನೇ ಇರಲಿ, ಪರದೆ ಕಟ್ಟುವ ವಿದ್ಯೆ ಎರಡೂ ಕಡೆಯವರಿಗೆ ಒಂದೇ ಆಗಿತ್ತು. ಮುಂದೆ ಮರಾಠಿ ಸಿನಿಮಾಕ್ಕೆ ಹಿರಿಯರಾದ ಕೊಲ್ಹಾಪುರದ ಬಾಬುರಾವ್ ಪೇಂಟರ್ ಮತ್ತು ಅವರ ಸೋದರಸಂಬಂಧಿ ಆನಂದರಾವ್ ಮೊದಲು ಕೈಪಳಗಿಸಿಕೊಂಡದ್ದು ನಾಟಕದ ಪರದೆ ಬರೆಯುವುದರಲ್ಲಿ. ಕಂಬಗಳ ಸಾಲು ದೂರಕ್ಕೆ ಹೋದಂತೆ ಕಿರಿದಾಗುತ್ತ ಆಳ ತೋರಿಸುವ ಆ ದರ್ಬಾರ್ ಸೀನಿನ ಮಾದರಿ ಉತ್ತರ ಕರ್ನಾಟಕದ ಪರದೆಗಳಲ್ಲಿ ನೂರು ವರ್ಷ ಕದಲಲಿಲ್ಲ.

ಪರದೆಯ ನಾಟಕಕ್ಕೂ ಮೊದಲು ಇದ್ದದ್ದು ದೊಡ್ಡಾಟದ ಅಟ್ಟ. ಗಳ ನೆಟ್ಟು, ಹಲಗೆ ಹಾಸಿ, ಹಿಂದೆ ಒಂದು ಬಟ್ಟೆ ಕಟ್ಟಿದರೆ ಮುಗಿಯಿತು. ಬೆಳಕಿಗೆ ಹಿಲಾಲು; ರಾಕ್ಷಸನ ಪ್ರವೇಶಕ್ಕೆ ಪಂಜಿನ ಮೇಲೆ ರಾಳದ ಪುಡಿ ತೂರಿದರೆ ಭಗ್ಗೆಂದು ಎದ್ದ ಜ್ವಾಲೆಗೆ ಮುಂದಿನ ಸಾಲಿನ ಮಕ್ಕಳು ಹಿಂದಿನ ಸಾಲಿಗೆ ಬರುತ್ತಿದ್ದರು. ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬೇಗಡೆ ಅಂಟಿಸುತ್ತಿದ್ದವರು ಬಡಿಗೇರರು, ಚಿತ್ರಗಾರರು. ಪರದೆಯ ನಾಟಕ ಬಂದಾಗ ಈ ಕೈಗಳೇ ಆ ಕೆಲಸಕ್ಕೂ ಒದಗಿದವು. ಊರಿನ ಬಡಿಗ ಸೆಟ್ಟಿನವನಾದ, ಸಿಂಪಿಗ ಪರದೆ ಹೊಲಿದ, ಗೋಡೆಗೆ ಬಣ್ಣ ಬಳಿಯುತ್ತಿದ್ದವ ಕಾಡು ಸೀನು ಬರೆದ. ಶಿಗ್ಗಾವಿ ಕಡೆಯ ಟಿ. ಬಿ. ಸೊಲಬಕ್ಕನವರ ಅಂಥ ಚಿತ್ರಕಲಾವಿದರು ದೊಡ್ಡಾಟಕ್ಕೆ ಮರುಹುಟ್ಟು ಕೊಡಲು ದುಡಿದದ್ದು ಆಕಸ್ಮಿಕವೇನಲ್ಲ. ನಮ್ಮಲ್ಲಿ ಕುಂಚ ಮತ್ತು ರಂಗ ಬೇರೆ ಬೇರೆ ಕೋಣೆಯಲ್ಲಿ ಬೆಳೆದವಲ್ಲ.

ಇನ್ನು ರೈಲು. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸದರ್ನ್ ಮರಾಠಾ ರೈಲ್ವೆಯವರು ಹಳಿ ಹಾಕಿದ್ದು 1880ರ ದಶಕದಲ್ಲಿ. ಕುಂದಗೋಳ, ಗುಡಗೇರಿ, ಯಲವಿಗಿ, ಸವಣೂರು, ಕರಜಗಿ, ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು, ಚಳಗೇರಿ: ಈ ನಿಲ್ದಾಣಗಳ ಸಾಲನ್ನು ಹಳೆಯ ಕಂಪನಿಯೊಂದರ ಪ್ರವಾಸದ ಪಟ್ಟಿ ಎಂದರೂ ನಡೆದೀತು. ಪರದೆಗಳ ಸುರುಳಿ, ತಗಡು, ಕುರ್ಚಿ, ಕಿರೀಟದ ಪೆಟ್ಟಿಗೆ, ಅಡುಗೆ ಪಾತ್ರೆ, ನಟರ ಹೆಂಡಿರು ಮಕ್ಕಳು ಎಲ್ಲ ಸೇರಿ ಕಂಪನಿ ಎಂದರೆ ಒಂದು ಊರೇ ಏಳುತ್ತಿತ್ತು. ಅದನ್ನು ಚಕ್ಕಡಿಯಲ್ಲಿ ಸಾಗಿಸುವುದು ಆಗದ ಮಾತು. ಹಳಿಯ ಗುಂಟ ಇದ್ದ ಊರುಗಳಿಗೆ ಮೊದಲು ನಾಟಕ ಬಂತು. ಹತ್ತಿ, ಶೇಂಗಾ, ಮೆಣಸಿನಕಾಯಿ ಪೇಟೆಗಳಿದ್ದ ಊರುಗಳಲ್ಲಿ ಹೆಚ್ಚು ದಿನ ನಿಂತಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಏರುವುದು ಜನವರಿಯಿಂದ. ರೈತನ ಕಿಸೆಯಲ್ಲಿ ದುಡ್ಡು ಬೀಳುವ ಆ ತಿಂಗಳುಗಳೇ ಕಂಪನಿಗೂ ಸುಗ್ಗಿ. (ಪೇಟೆಯ ಘಾಟಿಗೆ ಹೊಸ ನಟನೊಬ್ಬ ಶೋಕದ ಸೀನಿನಲ್ಲಿ ನಿಜವಾಗಿ ಅತ್ತ ಎಂಬ ತಮಾಷೆಯನ್ನು ಬ್ಯಾಡಗಿಯವರು ಹೇಳಿದರೆ ಪೂರ್ತಿ ನಂಬಬೇಡಿ, ಪೂರ್ತಿ ಅಲ್ಲಗಳೆಯಲೂ ಬೇಡಿ.)

ಈ ಸೀಮೆಗೆ ಸಲ್ಲಬೇಕಾದ, ಆದರೆ ಗದಗಿನ ಲೆಕ್ಕಕ್ಕೆ ಹೋದ ಒಂದು ನಾಟ್ಯಸಂಘವಿದೆ. ಹಾನಗಲ್ಲ ಕುಮಾರಸ್ವಾಮಿಗಳು ಹುಟ್ಟಿದ್ದು ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ. ಅವರ ಕೃಪೆಯಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಇದೇ ಸೀಮೆಯ ದೇವರ ಹೊಸಪೇಟೆಯಲ್ಲಿ ಹುಟ್ಟಿದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನಕ್ಕೆಂದು ಅದೇ ಕುಮಾರಸ್ವಾಮಿಗಳ ಹೆಸರಿನಲ್ಲಿ ನಾಟ್ಯಸಂಘ ನಡೆಸಿ, ಪುಟ್ಟರಾಜರು ಅದಕ್ಕೆ ತಾವೇ ನಾಟಕ ಬರೆದರು. ಒಡೆಯರಿಗೆ ಕಣ್ಣಿಲ್ಲ, ಪೇಟಿ ತಬಲಾ ನುಡಿಸುವವರಲ್ಲೂ ಹಲವರಿಗೆ ಕಣ್ಣಿಲ್ಲ. ಅಂಥ ಕಂಪನಿಯಲ್ಲಿ ಪರದೆ ಎಳೆಯುವವನ, ದೀಪ ಹಚ್ಚುವವನ ಹೊಣೆ ಎಂಥದ್ದಿದ್ದೀತು ಎಂದು ಯೋಚಿಸಿ. ಸೀನು ಬದಲಾಯಿತೆಂಬುದು ಮೇಳಕ್ಕೆ ತಿಳಿಯಬೇಕಾದರೆ ಕಣ್ಸನ್ನೆ ನಡೆಯದು. ಸೀಟಿ, ಗಂಟೆ, ಹಗ್ಗದ ಸಪ್ಪಳವೇ ಬೇಕು. ಆ ಕಂಪನಿಯ ಇತಿಹಾಸವನ್ನು ಸಂಗೀತದ ಕಡೆಯಿಂದ ಬಹಳ ಮಂದಿ ಬರೆದಿದ್ದಾರೆ. ನೇಪಥ್ಯದ ಕಡೆಯಿಂದ ಬರೆಯುವ ಕೆಲಸ ಬಾಕಿ ಇದೆ.

ಕಂಪನಿಯ ನೇಪಥ್ಯ ನಿಜಕ್ಕೂ ಒಂದು ಕಾರ್ಖಾನೆ. ತಗಡಿನ ಥೇಟರು ಎಬ್ಬಿಸುವ ತಂಡ, ಪೇಂಟರ್, ಬಡಿಗ, ಬಟ್ಟೆ ಪೆಟ್ಟಿಗೆಯವ, ಬಣ್ಣ ಬಳಿಯುವವ, ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದ ಪ್ರಾಂಪ್ಟರ್, ಲೈಟಿನವ. ಸಫೇದ, ಪಿವಡಿ, ಇಂಗಳೀಕವನ್ನು ಕೊಬ್ಬರಿಎಣ್ಣೆಯಲ್ಲಿ ಕಲಸಿ ಮುಖಕ್ಕೆ ಹಚ್ಚುತ್ತಿದ್ದ ಕಾಲ ಅದು. ಗುಬ್ಬಿ ವೀರಣ್ಣನವರು 1934ರಲ್ಲಿ ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಸುದ್ದಿಯನ್ನು ಎಲ್ಲರೂ ಹೇಳುತ್ತಾರೆ. ಆ ಆನೆಯ ಭಾರ ತಡೆಯುವ ಅಟ್ಟ ಕಟ್ಟಿದವರು ಯಾರೆಂದು ಕೇಳಿದರೆ ಉತ್ತರವಿಲ್ಲ. ಉತ್ತರ ಕರ್ನಾಟಕದ ಕಂಪನಿಗಳಿಗೆ ಆನೆಯ ಶಕ್ತಿ ಇರಲಿಲ್ಲ, ‘ಟ್ರಾನ್ಸ್‌ಫರ್ ಸೀನ್’ ಇತ್ತು. ಜಾಳಿಗೆಯಂಥ ತೆಳು ಬಟ್ಟೆಯ ಮೇಲೆ ಬೆಟ್ಟ ಬರೆದು ಮುಂದಿನಿಂದ ಬೆಳಕು ಬಿಟ್ಟರೆ ಅದು ಗಟ್ಟಿ ಬೆಟ್ಟ. ಮುಂದಿನ ಬೆಳಕು ಆರಿಸಿ ಹಿಂದಿನದು ಹಚ್ಚಿದರೆ ಬೆಟ್ಟ ಕರಗಿ ಒಳಗೆ ಶಿವ ಕೂತಿರುತ್ತಾನೆ. ಇದಕ್ಕೆ ಬೇಕಾದದ್ದು ಒಂದು ಗಜ ಬಟ್ಟೆಯ ಜ್ಞಾನ ಮತ್ತು ಎರಡು ಕೈಗಳ ಹೊಂದಾಣಿಕೆ. ಒಬ್ಬ ಅರೆಗಳಿಗೆ ತಡಮಾಡಿದರೆ ಶಿವ ತಲೆ ಕೆರೆದುಕೊಳ್ಳುವುದು ಕಾಣುತ್ತಿತ್ತು.

ಪರದೆ ನಾಟಕದ ರಚನೆಯನ್ನೇ ಆಳಿತು ಎಂಬ ಮಾತನ್ನು ವಿಮರ್ಶಕರು ಅಷ್ಟಾಗಿ ಹೇಳುವುದಿಲ್ಲ. ಕಂಪನಿ ನಾಟಕಗಳಲ್ಲಿ ಗಂಭೀರ ದೃಶ್ಯವಾದ ಮೇಲೆ ಹಾಸ್ಯದ ದೃಶ್ಯ ಯಾಕೆ ಬರುತ್ತದೆ? ಜನ ನಗಲಿ ಎಂದು, ಸರಿ. ಆದರೆ ಹಾಸ್ಯಗಾರ ಬರುವುದು ಯಾವಾಗಲೂ ರಸ್ತೆ ಸೀನಿನ ಮುಂದೆ, ಮುಂಭಾಗದ ನಾಲ್ಕೈದು ಅಡಿಯಲ್ಲಿ. ಅವನು ಅಲ್ಲಿ ನಗಿಸುತ್ತಿರುವಾಗ ಹಿಂದೆ ಸಾಹುಕಾರನ ಮನೆ ಕಿತ್ತು ಜೈಲು ಕಟ್ಟಬೇಕು. ಕಟ್ಟಿ ಮುಗಿಯದಿದ್ದರೆ ವಿಂಗಿನಿಂದ ಸನ್ನೆ ಹೋಗುತ್ತದೆ, ಹಾಸ್ಯಗಾರ ಇನ್ನೊಂದು ಹಾಡು ಎತ್ತಿಕೊಳ್ಳುತ್ತಾನೆ. ಬರೆದ ಕವಿಗೆ ಇದು ಗೊತ್ತಿದ್ದೇ ಬರೆದದ್ದು. ಹೀಗಾಗಿ ನಮ್ಮ ಜನಪ್ರಿಯ ನಾಟಕಗಳ ಸಹಕರ್ತೃಗಳಲ್ಲಿ ಸೀನು ಎತ್ತುವವರನ್ನೂ ಸೇರಿಸಬೇಕು ಎಂದರೆ ನಗುವವರು ಒಮ್ಮೆ ಹಿಂದೆ ಹೋಗಿ ನೋಡಿ ಬರಲಿ.

ಸಿನಿಮಾ, ಆಮೇಲೆ ಟಿ.ವಿ. ಬಂದಂತೆ ಕಂಪನಿಗಳು ಕುಸಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದನ್ನಿಲ್ಲಿ ಮತ್ತೆ ಬೆಳೆಸುವುದಿಲ್ಲ. ಆ ಕುಸಿತದಲ್ಲಿ ಸಾಮಾನು ಎಲ್ಲಿಗೆ ಹೋಯಿತು ಎಂಬುದು ನಮಗೆ ಮುಖ್ಯ. ಸಾಲಕ್ಕೆ ಅಡವಿದ್ದ ಪರದೆಗಳು, ವಿಂಗುಗಳು, ಟೋಪನಗಳು ಪೇಟೆ ಊರುಗಳಲ್ಲಿ ಕೈಬದಲಾದವು. ಕಂಪನಿ ಬಿಟ್ಟು ಊರಿಗೆ ಬಂದ ಪೇಂಟರ್‌ಗಳೂ ಸೀನು ಎತ್ತುವವರೂ ಅದೇ ಪೇಟೆಗಳಲ್ಲಿ ನೆಲೆ ನಿಂತರು. ಇತ್ತ ಹಳ್ಳಿಗಳಲ್ಲಿ ಹವ್ಯಾಸಿ ನಾಟಕದ ಹುಚ್ಚು ಇಳಿಯಲಿಲ್ಲ, ಏರಿತು. ಯುಗಾದಿಗೆ ಒಂದು, ದ್ಯಾಮವ್ವನ ಜಾತ್ರೆಗೆ ಒಂದು, ಬಸವ ಜಯಂತಿಗೆ ಇನ್ನೊಂದು. ದೀಪಾವಳಿ ಕಳೆದ ಮೇಲೆ ಕೊಬ್ಬರಿ ಹೋರಿ ಬೆದರಿಸುವುದಕ್ಕೆ ಪಟ್ಟಿ ಎತ್ತಿದ ಹುಡುಗರೇ ಬೇಸಿಗೆಗೆ ನಾಟಕದ ಪಟ್ಟಿ ಎತ್ತುತ್ತಾರೆ. ಅವರಿಗೆ ಪರದೆ ಬೇಕು, ಕೊಳ್ಳುವ ಶಕ್ತಿ ಇಲ್ಲ. ಹೀಗೆ ಬಾಡಿಗೆಯ ಸೀನ್ಸ್ ಅಂಗಡಿ ಹುಟ್ಟಿತು. ಹಾವೇರಿಯಿಂದ ರಾಣೆಬೆನ್ನೂರಿಗೆ ಹೆದ್ದಾರಿಯಲ್ಲಿ ತಾಸಿಗಿಂತ ಕಡಿಮೆ ದಾರಿ, ನಡುವೆ ಮೋಟೆಬೆನ್ನೂರಿನಿಂದ ಹೊರಳಿದರೆ ಬ್ಯಾಡಗಿ. ಈ ಮೂರು ಊರುಗಳ ನಡುವೆ ಸಾಮಾನು ಕಡ ಕೊಟ್ಟು ತರುವ ವಹಿವಾಟು ಸಲೀಸು. ಒಂದೇ ರಾತ್ರಿ ಮೂರು ಹಳ್ಳಿಯಲ್ಲಿ ನಾಟಕವಿದ್ದು ಜೈಲು ಸೀನು ಒಂದೇ ಇದ್ದರೆ ಮಧ್ಯರಾತ್ರಿಯಲ್ಲಿ ಬೈಕಿನ ಮೇಲೆ ಜೈಲು ಊರು ಬದಲಿಸುತ್ತದೆ.

ಈಗ ಕೆಲಸದ ಮಾತಿಗೆ ಬರೋಣ.

ಸೀನ್ಸಿನವರ ಟೆಂಪೊ ಹಳ್ಳಿಗೆ ಮುಟ್ಟುವುದು ನಾಟಕದ ದಿನ ಮಧ್ಯಾಹ್ನಕ್ಕೆ. ಮೊದಲು ನೆಲ ನೋಡುತ್ತಾರೆ. ಎರೆ ಭೂಮಿಯಾದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಹಾರೆ ಇಳಿಯುವುದೇ ಕಷ್ಟ. ಇಳಿದ ಮೇಲೂ ಗಳ ಅಲ್ಲಾಡುತ್ತದೆ, ಕಲ್ಲು ಬಡಿದು ಬಿಗಿ ಮಾಡಬೇಕು. ಮಸಾರಿಯಾದರೆ ಕುಣಿ ಬೇಗ ಆಗುತ್ತದೆ, ಆದರೆ ನೀರು ಹಾಕಿ ಗುದ್ದಬೇಕು. ಆಮೇಲೆ ಗಾಳಿ ನೋಡುತ್ತಾರೆ. ಊರ ಹಿರಿಯರಿಗೆ ರಂಗ ಗುಡಿಯ ಎದುರಿಗೇ ಇರಬೇಕು, ಗಾಳಿಗೆ ಹಿರಿಯರ ಮುಲಾಜಿಲ್ಲ. ಪಡುವಣ ಗಾಳಿ ಹಿಂದಿನ ಪರದೆಗೆ ನೇರ ಬಡಿದರೆ ಅದು ಹಾಯಿಯಂತೆ ಉಬ್ಬಿ ಗಳವನ್ನೇ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಪರದೆಯ ಅಡಿಯಲ್ಲಿ ಬಿದಿರು ಹಾಕಿ, ಹಿಂದೆ ಒಂದು ಟ್ರ್ಯಾಕ್ಟರ್ ಟ್ರೇಲರ್ ಅಡ್ಡ ನಿಲ್ಲಿಸುವುದು ವಾಡಿಕೆ. ಏಪ್ರಿಲ್ ನಡುವಿನ ಅಶ್ವಿನಿ, ಅದರ ಬೆನ್ನಿಗೆ ಬರುವ ಭರಣಿ, ಈ ಎರಡು ಮಳೆಗಳಿಗೆ ಇವರು ಹೆದರುವಷ್ಟು ರೈತರೂ ಹೆದರುವುದಿಲ್ಲ. ಹಳೆಯ ಪರದೆ ಎಂದರೆ ಮಾದರಪಾಟ ಬಟ್ಟೆಗೆ ಸುಣ್ಣದ ಪುಡಿ, ವಜ್ರದ ಅಂಟು ಬಳಿದು ಒಣಗಿಸಿ, ಪುಡಿಬಣ್ಣವನ್ನು ಅದೇ ಅಂಟಿನಲ್ಲಿ ಕಲಸಿ ಬರೆದದ್ದು. ಒಂದು ಜಡಿ ಹೊಡೆದರೆ ದರ್ಬಾರಿನ ಕಂಬಗಳೆಲ್ಲ ಸೋರಿ ಸಿಂಹಾಸನದ ಮೇಲೆ ಬೀಳುತ್ತವೆ. ಸುತ್ತಿಡುವುದಕ್ಕೂ ರೀತಿ ಇದೆ: ಮಡಚಿದರೆ ಬಣ್ಣ ಸೀಳುತ್ತದೆ, ಬಿದಿರಿಗೆ ಸುತ್ತಬೇಕು, ಬಣ್ಣ ಒಳಮೈಗೆ ಬರಬೇಕು.

ಪರದೆ ಎತ್ತುವ ಹಗ್ಗದ ವಿದ್ಯೆ ಹೇಳಿಕೊಟ್ಟು ಬರುವಂಥದ್ದಲ್ಲ. ಎರಡು ತುದಿಯ ಹಗ್ಗ ಒಂದೇ ಅಳತೆಯಲ್ಲಿ ಏರಬೇಕು, ಇಲ್ಲದಿದ್ದರೆ ಕಾಡು ಓರೆಯಾಗುತ್ತದೆ. ಕೆಳಗಿನ ಬಿದಿರು ಸುತ್ತುತ್ತ ಮೇಲೇರುವ ಬಗೆಯ ಪರದೆಯಲ್ಲಿ ಕೊನೆಗೆ ಭಾರ ಹೆಚ್ಚು, ಇಳಿಸುವಾಗ ಕೈ ಸುಡುತ್ತದೆ. ಹೊಸ ಹುಡುಗ ಹಗ್ಗ ಬಿಟ್ಟುಬಿಟ್ಟರೆ ಗಳ ನಟನ ತಲೆಗೆ. ‘ತಮ್ಮಾ, ಹಗ್ಗ ಬಿಡಬ್ಯಾಡೋ, ಸಾವಕಾಶ’ ಎಂಬ ಪಿಸುಮಾತು ಎಷ್ಟು ನಾಟಕಗಳ ಮೈಕಿನಲ್ಲಿ ಸಿಕ್ಕಿ ಸಭೆಗೆ ಕೇಳಿಲ್ಲ!

ಮೈಕಿನ ಮಾತು ಬಂದದ್ದಕ್ಕೆ ಇನ್ನೊಂದು. ಹಳ್ಳಿ ನಾಟಕದಲ್ಲಿ ನಟರು ಒಬ್ಬೊಬ್ಬರಾಗಿ ಮುಂದೆ ಬಂದು, ಎದೆಯೆತ್ತಿ ನಿಂತು, ಮಾತು ಒಗೆದು, ಹಿಂದೆ ಸರಿಯುತ್ತಾರೆ. ಅದನ್ನು ಕೃತಕ ಎಂದು ಪಟ್ಟಣದ ನೋಟಕರು ಮೂಗು ಮುರಿಯುವುದುಂಟು. ಮೇಲೆ ತೂಗುಹಾಕಿದ ಎರಡೋ ಮೂರೋ ಮೈಕುಗಳ ಕೆಳಗೆ ನಿಲ್ಲದೆ ಮಾತಾಡಿದರೆ ಐದನೆಯ ಸಾಲಿಗೂ ಕೇಳುವುದಿಲ್ಲ. ಮೈಕು ಕಟ್ಟಿದವನೇ ಆ ಮಟ್ಟಿಗೆ ನಿರ್ದೇಶಕ. ತಿಂಗಳುಗಟ್ಟಲೆ ತಾಲೀಮಿನಲ್ಲಿ ಮಾಸ್ತರರು ಕಲಿಸಿದ ನಡೆ ಆ ಸಂಜೆ ತಂತಿಯ ಉದ್ದಕ್ಕೆ ತಕ್ಕಂತೆ ಬದಲಾಗುತ್ತದೆ.

ಬೆಳಕಿನ ಕಥೆ ಇವೆಲ್ಲಕ್ಕಿಂತ ರೋಚಕ, ಅಪಾಯಕರ. ಗ್ಯಾಸಲೈಟಿನ ಕಾಲದಲ್ಲಿ ಕತ್ತಲು ಮಾಡಬೇಕಾದರೆ ದೀಪದ ಮೇಲೆ ಡಬ್ಬ ಮುಚ್ಚುತ್ತಿದ್ದರು. ಕರೆಂಟು ಬಂದ ಮೇಲೆ ಬಣ್ಣದ ಹಾಳೆ ಬಂತು, ತಿರುಗುವ ಕಲರ್ ವ್ಹೀಲ್ ಬಂತು. ಮೆಲ್ಲಗೆ ಬೆಳಕು ಇಳಿಸುವ ಡಿಮ್ಮರ್ ಮಾತ್ರ ದುಬಾರಿ. ಅದಕ್ಕೆ ಉಪ್ಪುನೀರಿನ ಉಪಾಯ. ಚೀನೀಮಣ್ಣಿನ ಭರಣಿಯಲ್ಲಿ ನೀರು ತುಂಬಿ ಉಪ್ಪು ಕಲಸಿ, ತಳದಲ್ಲಿ ಒಂದು ಲೋಹದ ತಟ್ಟೆ, ಮೇಲಿನಿಂದ ದಾರಕ್ಕೆ ಕಟ್ಟಿದ ಇನ್ನೊಂದು ತಟ್ಟೆ. ದೀಪಕ್ಕೆ ಹೋಗುವ ಕರೆಂಟು ಈ ನೀರನ್ನು ಹಾಯ್ದು ಹೋಗಬೇಕು. ಮೇಲಿನ ತಟ್ಟೆ ಕೆಳಗಿಳಿದಂತೆ ಬೆಳಕು ಏರುತ್ತದೆ, ಎತ್ತಿದಂತೆ ಮಂದವಾಗುತ್ತದೆ. ಕೇಳಲು ಸರಳ. ಆದರೆ ತಾಸೆರಡು ತಾಸಿಗೆ ನೀರು ಕಾದು ಕುದಿಯತೊಡಗುತ್ತದೆ. ಕಾದ ಉಪ್ಪುನೀರು ಹೆಚ್ಚು ಕರೆಂಟು ಬಿಡುವುದರಿಂದ ಕೈ ಮುಟ್ಟದಿದ್ದರೂ ಬೆಳಕು ತಾನೇ ಏರುತ್ತದೆ. ಆಗ ತಣ್ಣೀರು ಸುರಿಯಬೇಕು, ಕರೆಂಟು ಇದ್ದಂತೆಯೇ, ಒಣ ಹಲಗೆಯ ಮೇಲೆ ನಿಂತು. ಸಾಯುವ ದೃಶ್ಯದಲ್ಲಿ ನಾಯಕಿಯ ಮುಖದ ಮೇಲೆ ಬೆಳಕು ಆರುವುದನ್ನು ನೋಡಿ ಜನ ಕಣ್ಣೊರೆಸಿಕೊಳ್ಳುತ್ತಿದ್ದಾಗ ಆರಿಸುವವನು ತನ್ನ ಜೀವದ ಲೆಕ್ಕ ಹಾಕುತ್ತಿದ್ದ. ಈ ಭರಣಿಗಳು ಈಗ ಕಣ್ಮರೆಯಾಗಿರುವುದಕ್ಕೆ ನನಗೆ ಯಾವ ಹಳಹಳಿಕೆಯೂ ಇಲ್ಲ. ರಂಗಭೂಮಿಯ ಹಿಂದಿನದೆಲ್ಲ ಚೆಂದವಿತ್ತು ಎನ್ನುವವರು ಆ ಒದ್ದೆ ತಂತಿ ಹಿಡಿದು ನೋಡಿದವರಲ್ಲ.

ನಡುವೆ ಆಹೇರಿ. ಊರ ಸಾಹುಕಾರ ನಾಯಕಿಗೆ ನೂರು ರೂಪಾಯಿ, ಮಾವ ಅಳಿಯನಿಗೆ ಅಂಗಿ ವಸ್ತ್ರ, ಗೆಳೆಯರ ಬಳಗದಿಂದ ಖಳನಾಯಕನಿಗೆ ಹಾರ. ಒಂದೊಂದಕ್ಕೂ ನಾಟಕ ನಿಲ್ಲುತ್ತದೆ, ಬಿಳಿ ಲೈಟು ಹಚ್ಚಬೇಕು, ಮೈಕು ಕೆಳಗಿಳಿಸಬೇಕು, ಮತ್ತೆ ಮೊದಲಿನ ಬಣ್ಣಕ್ಕೆ ಮರಳಬೇಕು. ಹತ್ತೂವರೆಗೆ ಶುರುವಾದ ನಾಟಕ ಮುಗಿಯುವಾಗ ಕೋಳಿ ಕೂಗಿರುತ್ತದೆ. ಸಭೆ ಮನೆಗೆ ಹೋಗುತ್ತದೆ, ನಟರು ಬಣ್ಣದ ಮುಖದಲ್ಲೇ ಚಹಾ ಕುಡಿಯುತ್ತಾರೆ, ಸೀನ್ಸಿನವರು ಗಂಟು ಬಿಚ್ಚತೊಡಗುತ್ತಾರೆ. ಆ ದಿನ ರಾತ್ರಿ ಇನ್ನೊಂದು ಊರಿದ್ದರೆ ನಿದ್ದೆ ಟೆಂಪೊದಲ್ಲಿ, ಪರದೆಯ ಸುರುಳಿಗಳ ಮೇಲೆ.

ಇದಕ್ಕೆ ಸಮಾಂತರವಾಗಿ ಇನ್ನೊಂದು ನೇಪಥ್ಯ ಈ ಜಿಲ್ಲೆಗೆ ಬಂತು. 1949ರಲ್ಲಿ ಹೆಗ್ಗೋಡಿನಲ್ಲಿ ಶುರುವಾದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಿಂದ ತಿರುಗಾಟ ಹೊರಡಿಸಿತು. ತಿರುಗಾಟದ ಲಾರಿ ಬಂದ ಊರಲ್ಲಿ ಜನ ಕಂಡ ಹೊಸತು ಎಂದರೆ ಬೆಳಗ್ಗೆ ಲೈಟಿನ ಕಂಬ ಎತ್ತುತ್ತಿದ್ದವರೇ ರಾತ್ರಿ ರಾಜನಾಗಿ ನಿಂತದ್ದು. ಪರದೆಯ ಬದಲು ಒಂದೆರಡು ಮಜಲು, ಒಂದು ಬಟ್ಟೆ. ಕಾಡು ಬೇಕಾದರೆ ಬೆಳಕಿನಲ್ಲಿ ಮಾಡಿದರು. ಸಾಣೇಹಳ್ಳಿಯ ಶಿವಸಂಚಾರವೂ 1997ರಿಂದ ಇದೇ ಜಾಡಿನಲ್ಲಿ ಊರೂರು ಸುತ್ತಿತು. ಹಾನಗಲ್ಲ ತಾಲ್ಲೂಕಿನ ಶೇಷಗಿರಿ ಎಂಬ ಪುಟ್ಟ ಹಳ್ಳಿ ಇದನ್ನು ನೋಡಿ ಸುಮ್ಮನಾಗಲಿಲ್ಲ. ಅಲ್ಲಿಯ ಗಜಾನನ ಯುವಕ ಮಂಡಳದ ರೈತ ಹುಡುಗರು ಊರಲ್ಲೇ ರಂಗಮಂದಿರ ಮಾಡಿಕೊಂಡು, ತಾವೇ ನಾಟಕ ತಯಾರಿಸಿ ಹೊರಗೂ ಒಯ್ದರು. ಹೊಲದ ಕೆಲಸ ಮುಗಿಸಿ ಬಂದವರಲ್ಲಿ ಬೆಳಕು ನೋಡಿಕೊಳ್ಳುವವರು, ರಂಗಸಜ್ಜಿಕೆ ಕಟ್ಟುವವರು ತಯಾರಾದದ್ದು ಜಿಲ್ಲೆಯ ರಂಗಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಬೆಂಗಳೂರಿನ ನಾಟಕಗಳ ಕರಪತ್ರಗಳಲ್ಲಿ ‘ಬೆಳಕು’ ಎಂಬ ಶಬ್ದದ ಮುಂದೆ ಮತ್ತೆ ಮತ್ತೆ ಕಾಣುವ ಮುದ್ದಣ್ಣ ರಟ್ಟೇಹಳ್ಳಿ ಎಂಬ ಹೆಸರಂತೂ ಊರನ್ನು ಹೆಗಲ ಮೇಲೆ ಹೊತ್ತೇ ತಿರುಗುತ್ತದೆ.

ಈ ಎರಡು ನೇಪಥ್ಯಗಳ ನಡುವೆ ಹೋಗಿಬರುವ ದಾರಿ ಮಾತ್ರ ಬಹಳ ಸಣ್ಣದು. ಈ ಹೊಸ ಜಾಡಿನ ಶಿಬಿರಗಳಲ್ಲಿ ಕಲಿತವರಿಗೆ ಸೀನ್ಸ್ ಅಂಗಡಿ ಹಳಸಲು. ಅಂಗಡಿಯವರಿಗೆ ಇವರ ನಾಟಕ ಕತ್ತಲೆಯಲ್ಲಿ ಆಡುವ ನಾಟಕ. ನನ್ನ ಮಟ್ಟಿಗೆ ಇಬ್ಬರ ದೂರೂ ಅರ್ಧರ್ಧ ನಿಜ. ಸಾವಿರಾರು ಜನ ಬಯಲಲ್ಲಿ ಕೂತಾಗ, ಗಾಳಿ ಬೀಸುತ್ತಿರುವಾಗ, ಕರೆಂಟು ಕೈಕೊಟ್ಟಾಗ ನಾಟಕ ನಿಲ್ಲದಂತೆ ನೋಡಿಕೊಳ್ಳುವುದು ಅಂಗಡಿಯವರ ವಿದ್ಯೆ. ಒಂದೇ ದೀಪದಿಂದ ಒಬ್ಬನ ಒಂಟಿತನ ತೋರಿಸುವುದು ಶಿಬಿರದವರ ವಿದ್ಯೆ. ಮೊದಲಿನದಕ್ಕೆ ಎಲ್ಲೂ ಪಾಠವಿಲ್ಲ, ಪ್ರಮಾಣಪತ್ರವಿಲ್ಲ. 1997ರ ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಸರ್ಕಾರಿ ಉತ್ಸವಗಳು, ವೇದಿಕೆಗಳು ಹೆಚ್ಚಿದವು. 2023ರ ಜನವರಿ 6ರಿಂದ ಮೂರು ದಿನ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವೂ ಇಲ್ಲೇ ನಡೆಯಿತು. ವೇದಿಕೆ ದೊಡ್ಡದಾದಷ್ಟೂ ಅದನ್ನು ಕಟ್ಟುವವರ ಗುರುತು ಸಣ್ಣದಾಗುತ್ತದೆ.

2020ರ ಯುಗಾದಿ ಬಿದ್ದದ್ದು ಮಾರ್ಚ್ 25ಕ್ಕೆ. ಕೊರೊನಾಕ್ಕೆ ದೇಶ ಬಾಗಿಲು ಹಾಕಿದ್ದೂ ಅದೇ ದಿನ. ಯುಗಾದಿಯಿಂದ ಬಸವ ಜಯಂತಿಯವರೆಗಿನ ದಿನಗಳಲ್ಲೇ ವರ್ಷದ ಗಂಜಿ ದುಡಿಯುವ ಇವರಿಗೆ ಗೋದಾಮು ತೆರೆಯುವ ಕೆಲಸವೇ ಬೀಳಲಿಲ್ಲ. ಮರುವರ್ಷದ ಏಪ್ರಿಲ್, ಮೇ ಎರಡನೆಯ ಅಲೆಗೆ ಹೋಯಿತು. ಎರಡು ಸುಗ್ಗಿ ಸುತ್ತಿಟ್ಟ ಪರದೆಗಳಿಗೆ ಇಲಿ ಬಿದ್ದವು, ಅಂಟಿನ ರುಚಿ ಇಲಿಗಳಿಗೆ ಗೊತ್ತು. ಕೈಯಲ್ಲಿ ಬರೆಸಿದ ಬಟ್ಟೆಯ ಸೀನುಗಳನ್ನು ಮತ್ತೆ ಬರೆಸುವ ಶಕ್ತಿ ಹೆಚ್ಚಿನವರಿಗೆ ಉಳಿದಿರಲಿಲ್ಲ, ಬರೆಯುವವರೂ ಉಳಿದಿರಲಿಲ್ಲ. ಮೊದಲೇ ಕಾಲಿಟ್ಟಿದ್ದ ಫ್ಲೆಕ್ಸ್ ಆಗ ಪೂರ್ತಿ ಒಳಗೆ ಬಂತು. ಕಂಪ್ಯೂಟರಿನಲ್ಲಿ ತೆಗೆಸಿದ ಅರಮನೆ, ಬಂಗಲೆ, ತೋಟ. ಹಗುರ, ಮಳೆಗೆ ಅಂಜುವುದಿಲ್ಲ, ಎಳೆಯಲು ಒಬ್ಬ ಸಾಕು. ಅದರ ಮೇಲೆ ಎದುರು ಬೆಳಕು ಬಿದ್ದರೆ ಮಾತ್ರ ಅರಮನೆ ಕನ್ನಡಿಯಂತೆ ಹೊಳೆದು ರಾಜನ ಮುಖ ಕಾಣದಾಗುತ್ತದೆ. ಬೆಳಕಿನ ಹುಡುಗರು ಎಲ್‌ಇಡಿಗಳನ್ನು ಪಕ್ಕಕ್ಕೆ ಹೊರಳಿಸಿ ಇದನ್ನು ಸಂಭಾಳಿಸಲು ಕಲಿತಿದ್ದಾರೆ, ಯಾರೂ ಹೇಳಿಕೊಡದೆ.

ಒಬ್ಬ ಸಾಕಾದಾಗ ಉಳಿದವರು ಲಗ್ನದ ಸ್ಟೇಜು, ರಾಜಕೀಯ ಸಭೆ, ಶಾಲೆಯ ಗ್ಯಾದರಿಂಗುಗಳ ಕಡೆ ಹೊರಳಿದರು. ಕೆಲಸ ಅದೇ, ಗಳ ಅದೇ. ಬೇಸಿಗೆಯಲ್ಲಿ ಲಗ್ನ ಮತ್ತು ನಾಟಕ ಒಂದೇ ದಿನ ಬಿದ್ದರೆ ಅಂಗಡಿಯವರು ಲಗ್ನ ಹಿಡಿಯುತ್ತಾರೆ. ಅದು ರಾತ್ರಿ ಹತ್ತಕ್ಕೆ ಮುಗಿಯುತ್ತದೆ, ದುಡ್ಡೂ ಅಂದೇ ಕೈಗೆ ಬರುತ್ತದೆ. ಹಾಗಾಗಿ ಈಗ ಹಳ್ಳಿಯ ಹುಡುಗರು ಪಂಚಾಂಗದವರ ಹತ್ತಿರ ಹೋಗುವ ಮೊದಲು ಹಾವೇರಿಗೋ ರಾಣೆಬೆನ್ನೂರಿಗೋ ಬಂದು ಸೀನ್ಸ್ ಅಂಗಡಿಯ ಡೈರಿ ನೋಡುತ್ತಾರೆ. ಯಾವ ದಿನ ಖಾಲಿ ಇದೆಯೋ ಅದಕ್ಕೆ ಮುಂಗಡ ಕೊಟ್ಟು, ಆ ತಾರೀಖು ಹಿಡಿದುಕೊಂಡು ಮಾಸ್ತರರಿಗೂ ನಟಿಯರಿಗೂ ಫೋನು ಹಚ್ಚುತ್ತಾರೆ.